ತಾಯಿಯನ್ನು ಮೊದಲು ಒಬ್ಬರನ್ನೇ ಕೂರಿಸಿ ಮಾತನಾಡುವುದನ್ನು ಕಲಿತದ್ದು

ಬೆಂಗಳೂರಿನಲ್ಲಿ ಆನುವಂಶಿಕ ಕಾಯಿಲೆಗಳ ಸಮಾಲೋಚಕಿಯಾಗಿರುವ ನಾನು ಹೆಚ್ಚಾಗಿ ಕಂಡಿರುವುದು ಡುಶೆನ್ ಸ್ನಾಯುಕ್ಷಯವಿರುವ ಹುಡುಗರ ಕುಟುಂಬಗಳನ್ನು. ಓಡಾಡಿಕೊಂಡಿದ್ದ ಮಗು ನಾಲ್ಕೈದು ವರ್ಷದ ಹೊತ್ತಿಗೆ ಪದೇ ಪದೇ ಬೀಳತೊಡಗುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿಕೊಳ್ಳುತ್ತದೆ. ಮೀನಖಂಡ ಮಾತ್ರ ದಪ್ಪಗೆ ಕಾಣುವುದರಿಂದ ಕಾಲು ಗಟ್ಟಿಯಾಗಿದೆ ಎಂದೇ ಮನೆಯವರು ನಂಬಿರುತ್ತಾರೆ.

ಈ ಕೆಲಸದ ಮೊದಲ ವರ್ಷದಲ್ಲಿ ನನ್ನಿಂದ ಒಂದು ತಪ್ಪಾಯಿತು. ಮಂಡ್ಯ ಕಡೆಯಿಂದ ಬಂದಿದ್ದ ಕುಟುಂಬವೊಂದರ ಮುಂದೆ, ಗಂಡ, ಅತ್ತೆ, ಮಾವ ಎಲ್ಲರೂ ಕುಳಿತಿರುವಾಗಲೇ, ಈ ಕಾಯಿಲೆಗೆ ಕಾರಣವಾಗುವ ಡಿಸ್ಟ್ರೋಫಿನ್ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಎಂದು ಪಾಠ ಒಪ್ಪಿಸಿದಂತೆ ವಿವರಿಸಿಬಿಟ್ಟೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಮಾತು ಮುಗಿಯುವಷ್ಟರಲ್ಲಿ ಆ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿದ್ದರು. "ಹಂಗಾದ್ರೆ ಇವಳ ತವರಿಂದಲೇ ಬಂದಿದ್ದು ಅನ್ನಿ ಮೇಡಂ" ಎಂದರು ಅತ್ತೆ. ಮುಂದಿನ ಭೇಟಿಗೆ ತಂದೆಯೊಬ್ಬರೇ ಮಗುವನ್ನು ಎತ್ತಿಕೊಂಡು ಬಂದರು. ಹೆಂಡತಿ ತವರಿಗೆ ಹೋಗಿದ್ದಾಳೆ ಎಂದರು.

ಅಂದಿನಿಂದ ನಾನು ತಾಯಿಯೊಂದಿಗೆ ಮೊದಲು ಪ್ರತ್ಯೇಕವಾಗಿ ಮಾತನಾಡುತ್ತೇನೆ, ಆಮೇಲೆ ದಂಪತಿಯನ್ನು ಒಟ್ಟಿಗೆ ಕೂರಿಸುತ್ತೇನೆ, ಹಿರಿಯರ ಸರದಿ ಕೊನೆಗೆ. ಸುಮಾರು ಮೂರನೇ ಒಂದು ಪಾಲು ಹುಡುಗರಲ್ಲಿ ಜೀನಿನ ಬದಲಾವಣೆ ಹೊಸದಾಗಿ ಉಂಟಾದದ್ದು, ಆದ್ದರಿಂದ ತಾಯಿಯ ರಕ್ತಪರೀಕ್ಷೆಯಾಗದೆ ಆಕೆಯನ್ನು ವಾಹಕಿ, ಅಂದರೆ ಬದಲಾದ ಜೀನನ್ನು ಹೊತ್ತವಳು, ಎನ್ನುವಂತಿಲ್ಲ ಎಂಬುದನ್ನು ಮೊದಲೇ ಹೇಳುತ್ತೇನೆ. ವಾಹಕಿಯೆಂದು ತಿಳಿದರೂ, ಯಾರೂ ಆರಿಸಿಕೊಂಡು ಪಡೆಯುವ ವಸ್ತು ಅದಲ್ಲ, ಒಂದಲ್ಲ ಒಂದು ಬದಲಾದ ಜೀನು ನನ್ನಲ್ಲೂ ಇದೆ, ಅತ್ತೆಯವರಲ್ಲೂ ಇದೆ ಎಂದು ಬಿಡಿಸಿ ಹೇಳುತ್ತೇನೆ. ಮುಂದಿನ ಬಸಿರಿನಲ್ಲಿ ಗಂಡುಮಗುವಾದರೆ ಕಾಯಿಲೆ ಬರುವ ಸಾಧ್ಯತೆ ಅರ್ಧದಷ್ಟು ಎಂಬ ಲೆಕ್ಕವನ್ನು ಅವರು ಕೇಳಿದಾಗ ಮಾತ್ರ, ಕಾಗದದ ಮೇಲೆ ಬರೆದು ತೋರಿಸುತ್ತೇನೆ.

ಆ ತಾಯಿ ಎಂಟು ತಿಂಗಳ ನಂತರ ತಮ್ಮ ಅಮ್ಮನೊಂದಿಗೆ ಬಂದರು. ನಾನು ಕ್ಷಮೆ ಕೇಳಿದೆ. ಅವರು ಏನೂ ಹೇಳದೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕುತ್ತ ವಂಶವೃಕ್ಷ ಬರೆಯುತ್ತಿದ್ದಾಗ, 'ಈ ಕಾಯಿಲೆ ಇತ್ತೇ' ಎನ್ನುವ ಬದಲು 'ಚಿಕ್ಕ ವಯಸ್ಸಿನಲ್ಲೇ ನಡಿಗೆ ನಿಂತ ಗಂಡುಮಕ್ಕಳು ಯಾರಾದರೂ ಇದ್ದರೇ' ಎಂದು ಕೇಳಿದೆ. ಅಜ್ಜಿ ತುಸು ಹೊತ್ತು ಸುಮ್ಮನಿದ್ದು, "ನನ್ನ ತಮ್ಮನೊಬ್ಬ ಇದ್ದ. ಹತ್ತು ವರ್ಷಕ್ಕೆ ಕಾಲು ಹೋಯ್ತು, ಹದಿನೆಂಟಕ್ಕೆ ಅವನೇ ಹೋದ. ಪೋಲಿಯೋ ಅಂತಿದ್ರು" ಎಂದರು. ಕಾಯಿಲೆಯ ಗುರುತಾಗಿ ಆ ತಮ್ಮನ ಚೌಕವನ್ನು ಕಪ್ಪು ಮಾಡುವಾಗ ಅವರು ನನ್ನ ಪೆನ್ನನ್ನೇ ನೋಡುತ್ತಿದ್ದರು. ಪರೀಕ್ಷೆಯಲ್ಲಿ ತಾಯಿ ಮತ್ತು ಅಜ್ಜಿ ಇಬ್ಬರೂ ವಾಹಕಿಯರೆಂದು ತಿಳಿಯಿತು. ತಾಯಿಯ ಮದುವೆಯಾಗದ ತಂಗಿಯ ಪರೀಕ್ಷೆಯ ನಿರ್ಧಾರವನ್ನು ಆಕೆಗೇ ಬಿಟ್ಟೆವು, ಫಲಿತಾಂಶವನ್ನೂ ಆಕೆಗೊಬ್ಬಳಿಗೇ ತಿಳಿಸಿದೆವು.

ಹಣದ ಪ್ರಶ್ನೆ ಎಲ್ಲ ಮನೆಗಳಲ್ಲೂ ಬರುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಅಡಿಯಲ್ಲಿ, 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ. ನಮ್ಮಲ್ಲಿ ಅದಕ್ಕೆ ಗೊತ್ತುಪಡಿಸಿದ ಕೇಂದ್ರ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಆದರೆ ಡುಶೆನ್‌ಗೆ ಬಂದಿರುವ ದುಬಾರಿ ಔಷಧಗಳಲ್ಲಿ ಹಲವು ಜೀನಿನಲ್ಲಿ ನಿರ್ದಿಷ್ಟ ಬದಲಾವಣೆಯಿರುವ ಹುಡುಗರಿಗಷ್ಟೇ ಸಲ್ಲುತ್ತವೆ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ನಾನು ಹೆಚ್ಚು ಸಮಯ ಕೊಡುವುದು ದಿನನಿತ್ಯದ ವಿಷಯಗಳಿಗೆ: ಹಿಮ್ಮಡಿಯ ಸ್ನಾಯುರಜ್ಜು ಬಿಗಿಯದಂತೆ ನಿತ್ಯದ ವ್ಯಾಯಾಮ, ನೆಲಮಹಡಿಯಲ್ಲಿ ತರಗತಿ, ಅಂಗವಿಕಲರ ಗುರುತಿನ ಚೀಟಿ. ಮಗುವಿನ ಮುಖ ಊದಿಕೊಂಡಿತೆಂದು ಹೆದರಿ, ಸ್ನಾಯುಗಳ ಶಕ್ತಿ ಕುಂದುವುದನ್ನು ನಿಧಾನಗೊಳಿಸಲು ಕೊಡುವ ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದ ಮನೆಗಳನ್ನು ಕಂಡಿದ್ದೇನೆ. ಅದು ಪ್ರಾಣಕ್ಕೇ ಅಪಾಯ. ಆದ್ದರಿಂದ ಪ್ರತಿ ಮಗುವಿನ ಶಾಲಾ ಚೀಲದಲ್ಲಿ ಕನ್ನಡದ ಒಂದು ಕಾರ್ಡ್ ಇಡಿಸುತ್ತೇನೆ: ಸ್ಟೀರಾಯ್ಡ್ ತಪ್ಪಿಸಬಾರದು, ಅರಿವಳಿಕೆಯಲ್ಲಿ ಸಕ್ಸಿನೈಲ್‌ಕೋಲೀನ್ ಎಂಬ ಸ್ನಾಯು ಸಡಿಲಿಸುವ ಮದ್ದು ಕೊಡಬಾರದು.

ಮತ್ತೊಂದು ಸಂಗತಿ ಬಹಳ ಕಡೆ ಬಿಟ್ಟುಹೋಗುತ್ತದೆ. ವಾಹಕಿಯರಾದ ತಾಯಂದಿರಿಗೂ ಹೃದಯದ ಸ್ನಾಯು ದುರ್ಬಲವಾಗಬಹುದು, ಆದ್ದರಿಂದ ಅವರಿಗೂ ಕೆಲವು ವರ್ಷಗಳಿಗೊಮ್ಮೆ ಇಕೋ ಪರೀಕ್ಷೆ ಬೇಕು. ಇದನ್ನು ಹೇಳಿದಾಗ ಮಂಡ್ಯದ ಆ ತಾಯಿ, "ನನಗೂ ನೋಡ್ತಾರಾ ಮೇಡಂ?" ಎಂದು ಕೇಳಿದ್ದರು. ಅವರಿಗೂ ಅವರ ಅಮ್ಮನಿಗೂ ಒಂದೇ ದಿನ ಇಕೋ ಮಾಡಿಸಿದೆವು. ಇಬ್ಬರ ಹೃದಯವೂ ಸರಿಯಾಗಿತ್ತು.