ನೀರಡಿಕೆ ಆಗದಿದ್ದರೂ ನೀರು ಕೊಡಿ: ಬೇಸಿಗೆಯಲ್ಲಿ ಹಿರಿಯರ ಜೋಪಾನ

ಏಪ್ರಿಲ್, ಮೇ ಬಂದರೆ ಕಲಬುರಗಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಇಲ್ಲಿನ ಸರ್ಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮನೆಯಲ್ಲಿರುವ ಹಿರಿಯರಿಗೂ ಇಂಥದ್ದೊಂದು ಬೇಸಿಗೆ ವೇಳಾಪಟ್ಟಿ ಬೇಕು.

ಮೊದಲ ಕೆಲಸ ನೀರು. ನಮ್ಮವ್ವನನ್ನು ಕೇಳಿದಾಗಲೆಲ್ಲ "ನೀರಡಿಕಿ ಆಗಿಲ್ಲ, ಬ್ಯಾಡ ಬಿಡಪ" ಅನ್ನುತ್ತಾಳೆ. ಅದು ಸುಳ್ಳಲ್ಲ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಮೈಗೆ ನೀರು ಬೇಕಿದ್ದರೂ ಗಂಟಲು ಕೇಳುವುದಿಲ್ಲ. ಹಾಗಾಗಿ "ಬೇಕಾ?" ಎಂದು ಕೇಳಬೇಡಿ, ಲೋಟ ಕೈಗೆ ಕೊಡಿ. ಬೆಳಿಗ್ಗೆ ಎರಡು ಲೀಟರ್ ನೀರು ಅಳೆದು ಬೇರೆ ಪಾತ್ರೆಯಲ್ಲಿ ಇಡಿ. ಗಂಟೆಗೊಂದು ಲೋಟದಂತೆ ಅದು ಸಂಜೆಯೊಳಗೆ ಖಾಲಿಯಾಗಲಿ.

ಅಷ್ಟಾದರೂ ಕುಡಿಯುವುದಿಲ್ಲ ಎಂದರೆ ಕಾರಣ ಬೇರೆಯೇ ಇರಬಹುದು. ಅವ್ವ ಬಹಳ ದಿನದ ಮೇಲೆ ಬಾಯಿಬಿಟ್ಟಳು. ರಾತ್ರಿ ಎದ್ದು ಹಿತ್ತಲಿಗೆ ಹೋಗಬೇಕು, ಕತ್ತಲಲ್ಲಿ ಬಿದ್ದರೆ ಅನ್ನುವ ಹೆದರಿಕೆ! ಎಷ್ಟೋ ಮನೆಗಳಲ್ಲಿ ಹಿರಿಯರು ಇದನ್ನು ಹೇಳುವುದೇ ಇಲ್ಲ. ಆ ದಾರಿಗೊಂದು ಸಣ್ಣ ಬಲ್ಬ್ ಹಾಕಿ, ಕಾಲಿಗೆ ಸಿಗುವ ಸಾಮಾನು ತೆಗೆಯಿರಿ. ಹಗಲಲ್ಲಿ ಜಾಸ್ತಿ ಕುಡಿಸಿ, ಸಂಜೆ ಏಳರ ನಂತರ ಗುಟುಕು ಗುಟುಕು ಸಾಕು.

ನೀರು ಸಪ್ಪೆ ಅನ್ನಿಸಿದರೆ ತೆಳು ಮಜ್ಜಿಗೆ, ಜೋಳದ ಅಂಬಲಿ ಕೊಡಿ. ಬಿಪಿ ಇದ್ದವರಿಗೆ ಉಪ್ಪು ಕಡಿಮೆ ಇರಲಿ. ಮೂತ್ರ ಕಡು ಹಳದಿಯಾಗಿದ್ದರೆ ಸಾಮಾನ್ಯವಾಗಿ ನೀರು ಸಾಲುತ್ತಿಲ್ಲ ಎಂದರ್ಥ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು ಮಾತ್ರ ಎಷ್ಟು ನೀರು ಎಂಬುದನ್ನು ವೈದ್ಯರನ್ನೇ ಕೇಳಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ರೋಗಿಗಳಿಗೆ ಅದನ್ನು ಸುಮ್ನೆ ಕುಡಿಸಬೇಡಿ.

ಎರಡನೆಯದು ಮಾತ್ರೆ. ಬೇಸಿಗೆ ಶುರುವಾಗುವ ಮೊದಲೇ ಎಲ್ಲ ಮಾತ್ರೆಯ ಚೀಟಿ ಹಿಡಿದು ಒಮ್ಮೆ ವೈದ್ಯರ ಹತ್ತಿರ ಹೋಗಿ ಬನ್ನಿ. ಕಾಲಿನ ಬಾವಿಗೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಸೆಕೆಗಾಲದಲ್ಲಿ ಪ್ರಮಾಣ ಬದಲಿಸಬೇಕೇ ಎಂಬುದನ್ನು ಅವರು ನೋಡುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಇನ್ಸುಲಿನ್ ಬಾಟಲಿಯನ್ನು ಕಿಟಕಿ ಪಕ್ಕ ಇಡಬೇಡಿ. ಫ್ರಿಜ್ ಇಲ್ಲದಿದ್ದರೆ ಡಬ್ಬಿಯಲ್ಲಿ ಹಾಕಿ, ನೀರು ತಾಗದಂತೆ ಮಣ್ಣಿನ ಮಡಕೆಯಲ್ಲಿಡಿ.

ಇನ್ನು ಮನೆ. ಬಿಸಿಲು ಏರುವ ಮೊದಲೇ ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಹೊತ್ತು ಮುಳುಗಿ ಗಾಳಿ ತಂಪಾದ ಮೇಲೆ ತೆರೆಯಿರಿ. ಕೂಲರ್ ಹಾಕಿದರೆ ಮಾತ್ರ ಒಂದು ಕಿಟಕಿ ತೆರೆದೇ ಇರಬೇಕು. ತಗಡಿನ ಮನೆ ಮಧ್ಯಾಹ್ನ ಒಲೆಯಂತೆ ಕಾಯುತ್ತದೆ. ಅಂಥಲ್ಲಿ 12ರಿಂದ 4ರವರೆಗೆ ಹಿರಿಯರನ್ನು ಪಕ್ಕದ ಮನೆಗೋ ಗುಡಿಯ ನೆರಳಿಗೋ ಕರೆದೊಯ್ಯಿರಿ. ಸಂಕೋಚ ಬೇಡ. ಗಾಳಿ 40 ಡಿಗ್ರಿ ದಾಟಿದಾಗ ಫ್ಯಾನ್ ಮೈಮೇಲೆ ಬಿಸಿಗಾಳಿಯನ್ನೇ ಊದುತ್ತದೆ. ಆಗ ಒದ್ದೆ ಟವೆಲ್ಲಿನಿಂದ ಕುತ್ತಿಗೆ, ತೋಳು, ಪಾದ ಒರೆಸುವುದೇ ಮೇಲು.

ಪಿಂಚಣಿ, ಬ್ಯಾಂಕು, ಸಂತೆ ಎಲ್ಲ ಬೆಳಿಗ್ಗೆ ಬೇಗ ಮುಗಿಯಲಿ.

ಊರಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮನಿಗೆ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಫೋನ್ ಮಾಡಿ. "ಪಾತ್ರೆಯಲ್ಲಿ ಇನ್ನೆಷ್ಟು ನೀರು ಉಳಿದಿದೆ?" ಎಂದು ಕೇಳಿ. ಮಾತು ತೊದಲುತ್ತಿದೆಯಾ, ಒಂದಕ್ಕೊಂದು ಸಂಬಂಧವಿಲ್ಲದೆ ಮಾತಾಡುತ್ತಿದ್ದಾರಾ ಗಮನಿಸಿ. ಹಾಗಿದ್ದರೆ ಕೂಡಲೇ ನೆರೆಮನೆಯವರನ್ನು ಕಳಿಸಿ.

ಯಾಕೆಂದರೆ ಬಿಸಿಲಿನ ಹೊಡೆತಕ್ಕೆ ಮೊದಲು ಕೆಡುವುದು ತಲೆ. ಮೈ ಕೆಂಡದಂತೆ ಸುಡುತ್ತಿದ್ದು, ಮಂಕಾಗಿದ್ದರೆ, ತಡಬಡಾಯಿಸುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಸುಮ್ಮನೆ ಕೂರಬೇಡಿ. ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹಾಕಿ ಬೀಸಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಇಡಿ. ಜ್ವರ ಎಂದುಕೊಂಡು ಪ್ಯಾರಾಸಿಟಮಾಲ್ ಕೊಡಬೇಡಿ, ಈ ಬಿಸಿ ಅದರಿಂದ ಇಳಿಯುವುದಿಲ್ಲ. ಪ್ರಜ್ಞೆ ಸರಿಯಾಗಿ ಇಲ್ಲದವರ ಬಾಯಿಗೆ ಒಂದು ಗುಟುಕು ನೀರನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿದುಬಿಡಬಹುದು.