ಉಪ್ಪುನೀರಿನ ತೊಟ್ಟಿ: ಮೀನಿನ ಗುಣ ನೋಡಿ ಜಾಗ ಕೊಡಿ

ಕಾರವಾರದಲ್ಲಿ ಸಮುದ್ರ ಕೈಗೆಟುಕುವಷ್ಟು ಹತ್ತಿರವಿದ್ದರೂ ಮಳೆಗಾಲದ ನೀರು ತೊಟ್ಟಿಗೆ ಬೇಡ; ಕಾಳಿ ನದಿಯ ಸಿಹಿನೀರು, ಕೆಸರು ಸೇರಿ ಉಪ್ಪಿನಂಶ ಇಳಿದಿರುತ್ತದೆ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಮರೀನ್ ಸಾಲ್ಟ್ (ತೊಟ್ಟಿಗೆಂದೇ ಸಿಗುವ ಸಮುದ್ರದ ಉಪ್ಪಿನ ಮಿಶ್ರಣ) ಕರಗಿಸಿ. ಸಾಂದ್ರತೆ 1.025, ಉಷ್ಣತೆ 25–27 ಡಿಗ್ರಿ ಇರಲಿ. ಹೊಸ ತೊಟ್ಟಿಯಲ್ಲಿ ಹುಟ್ಟುವ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ 4–6 ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬೇಡಿ.

ಕ್ಲೌನ್ ಮೀನು ತರುವುದಾದರೆ ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಜೋಡಿಯಲ್ಲಿ ದೊಡ್ಡದೇ ಹೆಣ್ಣು, ಮನೆಯ ಯಜಮಾನತಿ. ಅದು ಹತ್ತಿರ ಬಂದರೆ ಚಿಕ್ಕದು ಓರೆಯಾಗಿ ವಾಲಿ ಮೈಯೆಲ್ಲ ಗಡಗಡ ನಡುಗಿಸುತ್ತದೆ. ರೋಗವೆಂದು ಔಷಧಿ ಹಾಕಬೇಡಿ, ಅದು ಶರಣಾಗತಿ, ನೋಡಲು ಬಲು ಚೆಂದ! ಬೆಳೆದ ಎರಡು ಹೆಣ್ಣು ಸೇರಿಸಿದರೆ ಮಾತ್ರ ಒಂದು ಸಾಯುವವರೆಗೂ ಕಾದಾಟ.

ಹೆಬ್ಬೆರಳುದ್ದದ ಡ್ಯಾಮ್ಸೆಲ್ ಮೀನು ಇಡೀ ತೊಟ್ಟಿ ತನ್ನದೆನ್ನುತ್ತದೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಬಿಡಿ. ಮೊದಲೇ ಇದ್ದರೆ, ಹೊಸ ಮೀನು ಬರುವ ದಿನ ಕಲ್ಲುಗಳ ಜಾಗ ಬದಲಿಸಿ, ದೀಪ ಆರಿಸಿ. ಹಳೆಯ ಗಡಿ ಅಳಿಸಿಹೋಗುತ್ತದೆ.

ಕೆಲವು ಜಾತಿಯ ರಾಸ್ (wrasse) ಮೀನುಗಳು ರಾತ್ರಿ ಮರಳಿನಲ್ಲಿ ಹೂತು ಮಲಗುತ್ತವೆ. ಕಾಣದಿದ್ದರೆ ಕೆದಕಬೇಡಿ. 5 ಸೆಂ.ಮೀ. ನುಣ್ಣನೆ ಮರಳು ಸಾಕು. ಬೆದರಿದರೆ ಹೊರಗೆ ಜಿಗಿಯುತ್ತವೆ, ಜಾಲರಿ ಮುಚ್ಚಳ ಬೇಕೇ ಬೇಕು.

ಎಲ್ಲಕ್ಕಿಂತ ಸೊಗಸು ವಾಚ್‌ಮನ್ ಗೋಬಿ ಎಂಬ ಪುಟ್ಟ ಮೀನು ಮತ್ತು ಪಿಸ್ತೂಲ್ ಸೀಗಡಿಯ ಸಂಸಾರ. ಕಣ್ಣು ಮಂದವಾದ ಸೀಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು. ಸೀಗಡಿಯ ಮೀಸೆ ಗೋಬಿಯ ಮೈಗೆ ತಾಗಿಯೇ ಇರುತ್ತದೆ. ಬಾಲ ಅಲುಗಿತೋ, ಒಳಗೆ ಓಟ. ಇವನ್ನು ಸಾಕುವವರು ಕಲ್ಲನ್ನು ಮರಳಿನ ಮೇಲಿಡದೆ ತಳದ ಗಾಜಿಗೆ ಕೂರಿಸಿ, ಆಮೇಲೆ ಮರಳು ಹಾಕಬೇಕು. ಇಲ್ಲದಿದ್ದರೆ ಬಿಲ ತೋಡುವಾಗ ಕಲ್ಲು ಕುಸಿದು ಎರಡೂ ಅಡಿಗೆ ಸಿಕ್ಕಿಬೀಳುತ್ತವೆ.