ಬೆಳಗಿನ ಮೊದಲ ಹೆಜ್ಜೆಗೇ ಹಿಮ್ಮಡಿ ನೋಯುತ್ತಿದ್ದರೆ

ಹಾಸಿಗೆಯಿಂದ ಇಳಿದು ಕಾಲೂರಿದೊಡನೆ ಹಿಮ್ಮಡಿಯ ತಳದಲ್ಲಿ, ಅದರಲ್ಲೂ ಒಳಬದಿಗೆ, ಮುಳ್ಳು ಚುಚ್ಚಿದಂಥ ನೋವು. ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲವಾಗುತ್ತದೆ. ಬಹಳ ಹೊತ್ತು ಕೂತು ಎದ್ದಾಗ, ಇಲ್ಲವೇ ಸಂಜೆಯವರೆಗೆ ನಿಂತೇ ಕೆಲಸ ಮಾಡಿದಾಗ ಮತ್ತೆ ಬರುತ್ತದೆ. ಹೀಗಿದ್ದರೆ ಅದು ಬಹುಮಟ್ಟಿಗೆ ಪ್ಲಾಂಟರ್ ಫೇಸಿಯೈಟಿಸ್, ಅಂದರೆ ಅಂಗಾಲಿನ ನಾರುಪಟ್ಟಿಯ ತೊಂದರೆ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ದಪ್ಪ ನಾರಿನ ಪಟ್ಟಿಯೊಂದಿದೆ. ಪಾದದ ಕಮಾನನ್ನು ಎತ್ತಿ ಹಿಡಿಯುವುದು ಅದೇ. ತಾಳಲಾರದಷ್ಟು ಭಾರ ದಿನವೂ ಬಿದ್ದರೆ, ಮೂಳೆಗೆ ಅಂಟಿರುವ ಜಾಗದಲ್ಲಿ ಅದು ಸವೆದು ದಪ್ಪಗಾಗುತ್ತದೆ. ಹೆಚ್ಚಿದ ಮೈತೂಕ, ಒಮ್ಮೆಲೇ ಶುರುಮಾಡಿದ ಓಟ, ಬಿಗಿದ ಮೀನಖಂಡ, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ಅಡುಗೆ, ಎಲ್ಲವೂ ಕಾರಣವಾಗಬಹುದು. ಎಕ್ಸ್‌ರೇಯಲ್ಲಿ ‘ಮೂಳೆ ಬೆಳೆದಿದೆ’ ಎಂದರೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅದು ಇರುತ್ತದೆ, ಅದನ್ನು ತೆಗೆಸಬೇಕಾದ ಪ್ರಸಂಗ ತೀರಾ ಅಪರೂಪ.

ಚಿಕಿತ್ಸೆ ಹಾಸಿಗೆಯಲ್ಲೇ ಶುರುವಾಗಬೇಕು. ಕಾಲು ನೆಲಕ್ಕೆ ತಾಗುವ ಮೊದಲೇ ನೋಯುವ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಐದೂ ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿದರೆ ಪಟ್ಟಿ ಬಿಗಿಯಾಗಿ ಸಿಗಬೇಕು. ಸಿಗದಿದ್ದರೆ ಎಳೆತ ಸಾಲದು. 10 ಸೆಕೆಂಡು ಹಿಡಿದು ಬಿಡಿ, 10 ಸಲ. ದಿನಕ್ಕೆ ಮೂರು ಹೊತ್ತು ಮಾಡಿ. ಇದರ ಜೊತೆಗೆ ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಮೊಣಕಾಲು ನೆಟ್ಟಗೆ, ಹಿಮ್ಮಡಿ ನೆಲಕ್ಕೆ ಅಂಟಿರುವಂತೆ ಮುಂದಕ್ಕೆ ಬಾಗಿ 30 ಸೆಕೆಂಡು ನಿಲ್ಲಿ, ಮೂರು ಸಲ.

ಎಳೆದರಷ್ಟೇ ಸಾಲದು, ಪಟ್ಟಿಗೆ ಬಲವೂ ಬರಬೇಕು. ಮೆಟ್ಟಿಲ ಅಂಚಿನಲ್ಲಿ ಸುರುಳಿ ಸುತ್ತಿದ ಟವೆಲ್ ಇಟ್ಟು, ಬೆರಳುಗಳು ಅದರ ಮೇಲೆ ಮೇಲ್ಮುಖವಾಗಿ ಬಾಗುವಂತೆ ನಿಂತು, ಕಂಬಿ ಹಿಡಿದುಕೊಳ್ಳಿ. 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡು ನಿಂತು, 3 ಸೆಕೆಂಡಿನಲ್ಲಿ ಇಳಿಸಿ. 12ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಒಂಟಿಕಾಲಲ್ಲಿ ಆಗದಿದ್ದರೆ ಎರಡೂ ಕಾಲಲ್ಲಿ ಮಾಡಿ. ಅವಸರದಿಂದ ಕುಪ್ಪಳಿಸುವುದು, ಎರಡು ವಾರಕ್ಕೇ ಕೈಬಿಡುವುದು, ಹೆಚ್ಚಿನವರು ಎಡವುವುದು ಇಲ್ಲೇ. ಮಾಡುವಾಗ ತುಸು ನೋವಾದರೆ ಪರವಾಗಿಲ್ಲ. ಮರುದಿನ ಬೆಳಗಿನ ನೋವು ಹೆಚ್ಚಾದರೆ ಮಾತ್ರ ವ್ಯಾಯಾಮ ಕಡಿಮೆ ಮಾಡಿ.

ತಳ ಸವೆದ ಹವಾಯಿ ಚಪ್ಪಲಿ ಬಿಸಾಡಿ. ಕಮಾನಿಗೆ ಆಸರೆ ಇರುವ, ಹಿಮ್ಮಡಿ ಮೆತ್ತಗಿರುವ ಚಪ್ಪಲಿಯನ್ನು ಮನೆಯೊಳಗೂ ಹಾಕಿಕೊಳ್ಳಿ. ನೋವು ಜಾಸ್ತಿಯಾದ ಸಂಜೆ, ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಅಂಗಾಲಡಿ ಉರುಳಿಸಬಹುದು. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿರುವವರಿಗೆ ಇದು ಬೇಡವೇ ಬೇಡ, ವಿಪರೀತ ತಂಪಿಗೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಗುಣವಾಗಲು ತಿಂಗಳುಗಳೇ ಬೇಕು. ಆದರೆ ಬಹುಪಾಲು ಜನರಿಗೆ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸುತ್ತದೆ. ಪದೇಪದೇ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ.

ಪಾದ ಜೋಮು ಹಿಡಿಯುವುದು, ಉರಿ, ಮಲಗಿದ್ದಾಗಲೂ ಬಿಡದ ನೋವು, ಬಾವು, ಜ್ವರ ಕಂಡರೆ ಮನೆಮದ್ದು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಮುಕಿದಾಗ ತೀವ್ರ ನೋವಾದರೆ ಮೂಳೆ ಬಿರುಕು ಬಿಟ್ಟಿರಬಹುದು. ಎರಡೂ ಹಿಮ್ಮಡಿ ನೋಯುವ ಹರೆಯದವರಿಗೆ ಬೆಳಿಗ್ಗೆ ಬೆನ್ನೂ ಸೆಟೆದುಕೊಳ್ಳುತ್ತಿದ್ದರೆ ಸಂಧಿವಾತ ತಜ್ಞರನ್ನು ಕಾಣುವುದು ಒಳ್ಳೆಯದು.